ಬಿಗ್‌ಫೂಟ್ ಕಂಡೆ ಎಂದವರ ಸಾಕ್ಷ್ಯವನ್ನು ತೂಗಿ ನೋಡುವುದು ಹೇಗೆ?

ಅಮೆರಿಕದ ಓರೆಗಾನ್ ರಾಜ್ಯದ ದಕ್ಷಿಣ ಅಂಚಿನಲ್ಲಿ, ಆ್ಯಪಲ್‌ಗೇಟ್ ಜಲಾಶಯದ ಪಕ್ಕದ ಕಾಡಿನಲ್ಲಿ, 1974ರಲ್ಲಿ ಕೆಲವರು ಸೇರಿ ಒಂದು ಬೋನು ಕಟ್ಟಿದರು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ. ದಪ್ಪ ಹಲಗೆಗಳು, ಅವನ್ನು ಬಿಗಿಹಿಡಿಯಲು ಕಬ್ಬಿಣದ ಪಟ್ಟಿಗಳು, ಬೋನು ಅಲುಗದಂತೆ ನೆಲದಲ್ಲಿ ಹೂತ ಟೆಲಿಫೋನ್ ಕಂಬಗಳು. ಒಳಗೆ ಸತ್ತ ಪ್ರಾಣಿಯ ಮಾಂಸವಿಟ್ಟು, ಮನುಷ್ಯನಂತೆ ಎರಡು ಕಾಲಿನ ಮೇಲೆ ಓಡಾಡುತ್ತದೆ ಎನ್ನಲಾಗುವ ರೋಮ ತುಂಬಿದ ದೈತ್ಯ ವಾನರ ಬಿಗ್‌ಫೂಟ್ ಬರಲಿ ಎಂದು ಕಾದರು. ಆರು ವರ್ಷ ಕಾದರು. ಬೋನಿಗೆ ಬಿದ್ದದ್ದು ಕರಡಿ. ಆಮೇಲೆ ಬಿದ್ದದ್ದೂ ಕರಡಿಯೇ. ಕೊನೆಗೆ ಬೋನನ್ನು ಕಾಡಿಗೇ ಬಿಟ್ಟು ಹೊರಟುಹೋದರು.

ಬಿಗ್‌ಫೂಟ್ ಕುರಿತು ಐವತ್ತು ಅರವತ್ತು ವರ್ಷಗಳಲ್ಲಿ ನಡೆದ ಗದ್ದಲದ ನಡುವೆ ನನಗೆ ಈ ಬೋನಿನ ಮೇಲೆ ವಿಶೇಷ ಗೌರವವಿದೆ. ಕಟ್ಟಿದವರು ನಂಬಿದ್ದರು, ಆದರೆ ತಮ್ಮ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಉಳಿದ ಬಹುತೇಕ ಪ್ರಕರಣಗಳಲ್ಲಿ ಕಥೆ ಮೊದಲು ಬರುತ್ತದೆ, ಸಾಕ್ಷ್ಯ ಅದರ ಬಾಲ ಹಿಡಿದು ಬರುತ್ತದೆ. ಕಥೆಯನ್ನು ಕಿತ್ತು ಪಕ್ಕಕ್ಕಿಟ್ಟರೆ ಸಾಕ್ಷ್ಯ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ಈ ಲೇಖನದಲ್ಲಿ ನಾನು ಹೇಳಿಕೊಡಲು ಹೊರಟಿರುವುದು ಆ ಒಂದೇ ಪರೀಕ್ಷೆಯನ್ನು.

ಸಿಯಾಟಲ್ ಅಥವಾ ಪೋರ್ಟ್‌ಲ್ಯಾಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ವಾರಾಂತ್ಯಕ್ಕೆ ಕ್ಯಾಸ್ಕೇಡ್ ಬೆಟ್ಟಗಳಿಗೆ ಹೋದರೆ ಅಂಗಡಿಯ ಮುಂದೆ ಮರದ ಬಿಗ್‌ಫೂಟ್ ನಿಂತಿರುತ್ತದೆ, ಮಕ್ಕಳು ಪ್ರಶ್ನೆ ಕೇಳುತ್ತಾರೆ. ಊರಿನಲ್ಲಿರುವವರಿಗೆ ಅದೇ ಪ್ರಶ್ನೆ ಮಸುಕಾದ ವಿಡಿಯೊ ಆಗಿ ಮೊಬೈಲಿಗೆ ಬಂದು ಬೀಳುತ್ತದೆ. ಇಬ್ಬರಿಗೂ ಕ್ರಮ ಒಂದೇ.

ಮೊದಲ ಹಂತ: ಕಂಡ ದಿನಕ್ಕೂ ಹೇಳಿದ ದಿನಕ್ಕೂ ನಡುವೆ ಎಷ್ಟು ಕಾಲ?

ವರದಿಯೊಂದು ಕಣ್ಣಿಗೆ ಬಿದ್ದಾಗ ಮೊದಲು ಎರಡು ದಿನಾಂಕಗಳನ್ನು ಬರೆದುಕೊಳ್ಳಿ. ಒಂದು, ಘಟನೆ ನಡೆದ ದಿನ. ಇನ್ನೊಂದು, ಅದು ಮೊದಲ ಬಾರಿಗೆ ದಾಖಲಾದ ದಿನ. ನಡುವಿನ ಅಂತರ ದೊಡ್ಡದಾದಷ್ಟೂ ನಿಮ್ಮ ಪೆನ್ಸಿಲ್ ಚೂಪಾಗಿರಬೇಕು.

ಆಲ್ಬರ್ಟ್ ಓಸ್ಟ್‌ಮನ್ ಕಥೆಯನ್ನೇ ತೆಗೆದುಕೊಳ್ಳಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಟೋಬಾ ಕಡಲತೋಳಿನ ಬಳಿ ಚಿನ್ನ ಹುಡುಕಲು ಹೋಗಿದ್ದಾಗ, ಮಲಗುಚೀಲದ ಸಮೇತ ತನ್ನನ್ನು ದೈತ್ಯನೊಬ್ಬ ಹೊತ್ತೊಯ್ದ, ಗಂಡು ಹೆಣ್ಣು ಮಕ್ಕಳಿದ್ದ ಇಡೀ ಸಾಸ್ಕ್ವಾಚ್ (ಬಿಗ್‌ಫೂಟ್‌ಗೆ ಕೆನಡಾದಲ್ಲಿರುವ ಹೆಸರು) ಸಂಸಾರದ ನಡುವೆ ದಿನಗಟ್ಟಲೆ ಸೆರೆಯಿದ್ದೆ ಎಂದು ಆತ ಹೇಳಿದ. ಬಿಡುಗಡೆಗೆ ನೆರವಾದದ್ದು ನಶ್ಯದ ಡಬ್ಬಿಯಂತೆ. ಗಂಡು ದೈತ್ಯ ಅದನ್ನು ಪೂರ್ತಿ ಬಾಯಿಗೆ ಸುರಿದುಕೊಂಡು ಒದ್ದಾಡುವಾಗ ಓಸ್ಟ್‌ಮನ್ ಓಡಿಬಂದ. ಕಥೆ ಸೊಗಸಾಗಿದೆ. ಘಟನೆಯ ವರ್ಷ 1924, ಆತ ಅದನ್ನು ಬಹಿರಂಗವಾಗಿ ಹೇಳಿದ್ದು 1957ರಲ್ಲಿ. ಮೂವತ್ತಮೂರು ವರ್ಷ. ಆ ಹೊತ್ತಿಗೆ ಪತ್ರಿಕೆಗಳಲ್ಲಿ ಸಾಸ್ಕ್ವಾಚ್ ಮನೆಮಾತಾಗಿತ್ತು. ಆತ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದ ಎಂಬುದನ್ನು ನಂಬುವವರು ಒತ್ತಿ ಹೇಳುತ್ತಾರೆ. ಪ್ರಮಾಣದಿಂದ ತಿಳಿಯುವುದು ಹೇಳಿದವನ ಮನಸ್ಸು. ಕಾಡಿನಲ್ಲಿ ಏನಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ.

ಸಾಸ್ಕ್ವಾಚ್ ಎಂಬ ಪದದ ಬಗ್ಗೆ ಒಂದು ಮಾತು. ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಹಾಲ್ಕೊಮೇಲಮ್ ಭಾಷೆಯ ಪದವೊಂದನ್ನು ಜೆ. ಡಬ್ಲ್ಯೂ. ಬರ್ನ್ಸ್ ಎಂಬ ಶಾಲಾ ಶಿಕ್ಷಕ 1920ರ ದಶಕದಲ್ಲಿ ಇಂಗ್ಲಿಷಿಗೆ ಹೊಂದಿಸಿಕೊಂಡ ರೂಪ ಅದು. ಆ ಜನರ ಕಥೆಗಳಲ್ಲಿ ಕಾಡಿನ ದೊಡ್ಡವರು ಇದ್ದಾರೆ, ನಿಜ. ಆದರೆ ಅವರವರ ಊರು, ಬೆಟ್ಟ, ನೀತಿಗಳೊಂದಿಗೆ ಹೆಣೆದುಕೊಂಡ ಆ ಕಥೆಗಳನ್ನು ಪ್ರಾಣಿಶಾಸ್ತ್ರದ ಸಾಕ್ಷಿಕಟ್ಟೆಗೆ ಎಳೆದು ತರುವುದು ಎರಡಕ್ಕೂ ಅನ್ಯಾಯ.

ವರದಿಗಳನ್ನು ಸಂಗ್ರಹಿಸುವ ದೊಡ್ಡ ಹವ್ಯಾಸಿ ಸಂಘಟನೆಯೊಂದು ಅವುಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಗಳಾಗಿ ವಿಂಗಡಿಸುತ್ತದೆ. ಸ್ಪಷ್ಟವಾಗಿ ಕಂಡದ್ದು ಎ. ಮಬ್ಬಾಗಿ ಕಂಡದ್ದು, ಕೂಗು ಮಾತ್ರ ಕೇಳಿದ್ದು ಬಿ. ಇನ್ನೊಬ್ಬರಿಂದ ಕೇಳಿದ್ದು ಸಿ. ವಿಂಗಡಣೆ ಉಪಯುಕ್ತವೇ, ಆದರೆ ಅದು ಅಳೆಯುವುದು ನೋಟದ ಸ್ಪಷ್ಟತೆಯನ್ನು. ಎ ದರ್ಜೆಯ ವರದಿ ನೂರು ಸೇರಿದರೂ ಒಂದು ಹಲ್ಲಿಗೆ ಸಮವಲ್ಲ.

ಕಂಡೆ ಎಂದವರನ್ನು ಹೀಯಾಳಿಸಬೇಡಿ. ಹೆಚ್ಚಿನವರು ಏನನ್ನೋ ಕಂಡಿರುತ್ತಾರೆ, ಹೆದರಿರುತ್ತಾರೆ. ಎಷ್ಟು ದೂರ, ಬೆಳಕು ಹೇಗಿತ್ತು, ಎಷ್ಟು ಸೆಕೆಂಡು, ಪಕ್ಕದಲ್ಲಿ ಎತ್ತರ ಗೊತ್ತಿರುವ ಮರವೋ ಬೇಲಿಯೋ ಇತ್ತೇ ಎಂದು ಕೇಳಿ. ‘ಅದು ಬಿಗ್‌ಫೂಟೇ?’ ಎಂದು ನೀವಾಗಿ ಕೇಳಬೇಡಿ. ಆ ಪದ ನಿಮ್ಮ ಬಾಯಿಂದ ಬಿದ್ದ ಕ್ಷಣ ಅವರ ನೆನಪಿನ ಆಕಾರ ಬದಲಾಗುತ್ತದೆ.

ಎರಡನೆಯ ಹಂತ: ಕರಡಿಯ ಹಾಜರಿ ಹಾಕಿ

ಪೆಸಿಫಿಕ್ ವಾಯವ್ಯದ, ಅಂದರೆ ಓರೆಗಾನ್, ವಾಷಿಂಗ್ಟನ್ ಸುತ್ತಿನ ಕಾಡುಗಳಲ್ಲಿ ಕಪ್ಪು ಕರಡಿ ಧಾರಾಳ. ಹೆಸರು ಕಪ್ಪು ಎಂದಿದ್ದರೂ ಕಂದು, ದಾಲ್ಚಿನ್ನಿ ಬಣ್ಣದವೂ ಇವೆ. ಕುತೂಹಲಕ್ಕೆ, ವಾಸನೆ ಹಿಡಿಯುವುದಕ್ಕೆ ಅವು ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತವೆ. ದರೋಜಿಯ ಕರಡಿಧಾಮದಲ್ಲಿ ನಮ್ಮ ಕರಡಿ ಸಂಜೆಯ ಬೆಳಕಿನಲ್ಲಿ ಬಂಡೆಯ ಪಕ್ಕ ಎದ್ದು ನಿಂತದ್ದನ್ನು ಕಂಡವರಿಗೆ, ಒಂದು ಕ್ಷಣ ಕಂಬಳಿ ಹೊದ್ದ ಮನುಷ್ಯನಂತೆ ಕಾಣುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ.

2009ರಲ್ಲಿ ಪರಿಸರ ವಿಜ್ಞಾನಿಗಳ ತಂಡವೊಂದು ಒಂದು ತುಂಟ ಲೆಕ್ಕ ಮಾಡಿತು. ಯಾವ ಪ್ರಾಣಿ ಎಲ್ಲಿ ಬದುಕಬಲ್ಲದು ಎಂದು ಅಂದಾಜಿಸುವ ಕಂಪ್ಯೂಟರ್ ವಿಧಾನಕ್ಕೆ ಪಶ್ಚಿಮ ಅಮೆರಿಕದ ಸಾಸ್ಕ್ವಾಚ್ ವರದಿಗಳನ್ನು ಉಣಿಸಿತು. ಅಚ್ಚುಕಟ್ಟಾದ ನಕ್ಷೆ ಹೊರಬಂತು. ಆಮೇಲೆ ಕಪ್ಪು ಕರಡಿಯ ನಕ್ಷೆಯನ್ನು ಪಕ್ಕದಲ್ಲಿಟ್ಟರೆ ಎರಡೂ ಬಹುಮಟ್ಟಿಗೆ ಒಂದರ ಮೇಲೊಂದು ಕೂತವು. ಅವರ ಗುರಿ ಬಿಗ್‌ಫೂಟ್ ಆಗಿರಲಿಲ್ಲ. ಕಳಪೆ ದತ್ತಾಂಶದಿಂದಲೂ ಸುಂದರ ನಕ್ಷೆ ಬರುತ್ತದೆ ಎಂದು ತಮ್ಮವರನ್ನೇ ಎಚ್ಚರಿಸುವುದಾಗಿತ್ತು. 2024ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕದ ಪ್ರಕಾರ, ಒಂದು ಪ್ರದೇಶದಲ್ಲಿ ಕರಡಿಗಳ ಸಂಖ್ಯೆ 1000ದಷ್ಟು ಏರಿದರೆ ಸಾಸ್ಕ್ವಾಚ್ ವರದಿಗಳು ಸರಾಸರಿ ಶೇಕಡ 4ರಷ್ಟು ಏರುತ್ತವೆ. ಜನಸಂಖ್ಯೆ, ಕಾಡಿನ ವಿಸ್ತಾರಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು.

ಕರಡಿ ಯಾವಾಗಲೂ ಕರಡಿಯಂತೆ ಕಾಣುವುದಿಲ್ಲ ಎಂಬುದೂ ನೆನಪಿರಲಿ. 2007ರಲ್ಲಿ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಸ್ವಯಂಚಾಲಿತ ಕ್ಯಾಮೆರಾವೊಂದು ಕೂದಲಿಲ್ಲದ, ಉದ್ದ ಕೈಕಾಲಿನ, ಬಾಗಿದ ಜೀವಿಯೊಂದನ್ನು ಸೆರೆಹಿಡಿಯಿತು. ಮರಿ ಬಿಗ್‌ಫೂಟ್ ಎಂದು ಸುದ್ದಿಯಾಯಿತು. ಕಜ್ಜಿ ಹತ್ತಿ ರೋಮ ಉದುರಿದ ಕರಡಿ ಎಂದು ರಾಜ್ಯದ ವನ್ಯಜೀವಿ ಇಲಾಖೆ ಹೇಳಿತು. ಚಿತ್ರ ನೋಡಿದರೆ ಮೊದಲ ನೋಟಕ್ಕೆ ಇಲಾಖೆಯ ಮಾತೇ ಸುಳ್ಳೆನಿಸುತ್ತದೆ. ರೋಮ ಹೋದ ಕರಡಿ ಎಷ್ಟು ವಿಚಿತ್ರವಾಗಿರುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಮೂರನೆಯ ಹಂತ: ಹೆಜ್ಜೆ ಗುರುತನ್ನು ಓದುವುದು

ಈ ಇಡೀ ವಿವಾದದ ಹೆಸರೇ ಹೆಜ್ಜೆಯಿಂದ ಬಂದದ್ದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಬಳಿ ಕಾಡಿನೊಳಗೆ ರಸ್ತೆ ಮಾಡುತ್ತಿದ್ದರು. ಬುಲ್‌ಡೋಜರ್ ಓಡಿಸುತ್ತಿದ್ದ ಜೆರ್ರಿ ಕ್ರೂ ಎಂಬಾತ ತನ್ನ ಯಂತ್ರದ ಸುತ್ತ 16 ಅಂಗುಲ ಉದ್ದದ, ಮನುಷ್ಯನಂಥದೇ ಹೆಜ್ಜೆಗಳನ್ನು ಕಂಡ, ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದ. ಅಕ್ಟೋಬರಿನಲ್ಲಿ ‘ಹಂಬೋಲ್ಟ್ ಟೈಮ್ಸ್’ ಪತ್ರಿಕೆ ಅಚ್ಚು ಹಿಡಿದುಕೊಂಡ ಅವನ ಚಿತ್ರ ಪ್ರಕಟಿಸಿತು. ಕೆಲಸಗಾರರು ಬಳಸುತ್ತಿದ್ದ ‘ಬಿಗ್‌ಫೂಟ್’ ಎಂಬ ಹೆಸರು ಅಲ್ಲಿಂದ ದೇಶವೆಲ್ಲ ಹರಡಿತು. ಆ ಕಾಮಗಾರಿಯ ಗುತ್ತಿಗೆದಾರ ರೇ ವಾಲೇಸ್. ಅವನು 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರತೆಗೆದು, ಇದೆಲ್ಲ ಅಪ್ಪನ ತಮಾಷೆ ಎಂದರು.

ಇಲ್ಲಿಗೆ ಮುಗಿಯಿತು ಎಂದು ಸಂದೇಹವಾದಿಗಳು ಬಾಗಿಲು ಹಾಕಿದರು. ನಂಬುವವರು ಆ ಮರದ ಪಾದಗಳನ್ನು ಅಚ್ಚುಗಳೊಂದಿಗೆ ಹೋಲಿಸಿ, ಎಲ್ಲವೂ ಹೊಂದುವುದಿಲ್ಲ ಎಂದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಒಂದು ಜೊತೆ ಮರದ ಪಾದ ಸಿಕ್ಕಿತೆಂದರೆ ಆ ಸುತ್ತಿನ ಎಲ್ಲ ಹೆಜ್ಜೆಗಳೂ ಅದರದೇ ಎಂದಾಗುವುದಿಲ್ಲ. ಆದರೆ ಹೊಂದದ ಹೆಜ್ಜೆ ದೈತ್ಯ ವಾನರನದೇ ಎಂದೂ ಆಗುವುದಿಲ್ಲ. ಬೇರೆ ಮರದ ಪಾದ ಇರಬಹುದಲ್ಲ.

ವಿದ್ವಾಂಸರನ್ನು ಎಳೆದದ್ದು 1969ರ ಬಾಸ್‌ಬರ್ಗ್ ಹೆಜ್ಜೆಗಳು. ವಾಷಿಂಗ್ಟನ್ ರಾಜ್ಯದ ಆ ಪುಟ್ಟ ಊರಿನ ಬಳಿ ಹಿಮದಲ್ಲಿ ಸಾವಿರಕ್ಕೂ ಹೆಚ್ಚು ಹೆಜ್ಜೆಗಳ ಸಾಲು ಸಿಕ್ಕಿತು. ಬಲಪಾದ ಊನವಾಗಿತ್ತು, ಎಂದೋ ಮುರಿದು ಅಡ್ಡಾದಿಡ್ಡಿ ಕೂಡಿಕೊಂಡ ಹಾಗೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಗ್ರೋವರ್ ಕ್ರಾಂಟ್ಜ್ ಆ ಊನದ ಒಳಗಿನ ಎಲುಬುಗಳನ್ನು ಊಹಿಸಿ ಬರೆದು, ಅಂಗರಚನೆ ಬಲ್ಲವನಿಗಲ್ಲದೆ ಇಂಥದ್ದನ್ನು ಕೆತ್ತಲು ಸಾಧ್ಯವಿಲ್ಲ ಎಂದರು. ನೌಕರಿಯಲ್ಲಿ ಬಡ್ತಿಗೆ ಅಡ್ಡಿಯಾದರೂ ಜೀವನಪೂರ್ತಿ ಅದೇ ನಿಲುವಿಗೆ ಅಂಟಿಕೊಂಡರು. ನನಗೆ ಅವರ ಧೈರ್ಯ ಮೆಚ್ಚುಗೆ, ತರ್ಕ ಅಲ್ಲ. ‘ಇದನ್ನು ಯಾರೂ ಮಾಡಲಾರರು’ ಎಂಬ ವಾಕ್ಯ ಬಂದಾಗಲೆಲ್ಲ ಅದರ ಕೆಳಗೆ ಗೆರೆ ಎಳೆಯಿರಿ. ಊನವಾದ ಮನುಷ್ಯ ಪಾದವೊಂದರ ಚಿತ್ರ ನೋಡಿ ಕೆತ್ತಿದರೂ ಅಂಗರಚನೆ ತಾನಾಗಿ ಸರಿ ಬರುತ್ತದೆ.

ಐಡಹೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಅಂಗರಚನಾ ತಜ್ಞ ಜೆಫ್ ಮೆಲ್ಡ್ರಮ್ ಅವರ ವಾದ ಇದಕ್ಕಿಂತ ನಯವಾದದ್ದು. ಕೆಲವು ಅಚ್ಚುಗಳಲ್ಲಿ ಪಾದದ ನಡುವೆ ಮಣ್ಣು ಒತ್ತಿ ಎದ್ದಿರುವ ಏಣು ಕಾಣುತ್ತದೆ. ವಾನರಗಳ ಪಾದ ನಡುವಿನಲ್ಲಿ ಬಾಗುತ್ತದೆ, ಮನುಷ್ಯನ ಪಾದ ಕಮಾನಿನಂತೆ ಗಟ್ಟಿ. ಆದ್ದರಿಂದ ಇದು ಮನುಷ್ಯನದಲ್ಲ ಎಂದು ಅವರು ಹೇಳುತ್ತಿದ್ದರು. ಆದರೆ 2013ರಲ್ಲಿ ಬಾಸ್ಟನ್ ವಿಜ್ಞಾನ ಸಂಗ್ರಹಾಲಯಕ್ಕೆ ಬಂದ ಸುಮಾರು 400 ಜನರನ್ನು ಬರಿಗಾಲಿನಲ್ಲಿ ನಡೆಸಿ ನೋಡಿದಾಗ, ಸರಿಸುಮಾರು ಹದಿಮೂರರಲ್ಲಿ ಒಬ್ಬರ ಪಾದ ನಡುವಿನಲ್ಲಿ ಬಾಗುತ್ತಿತ್ತು. ಅವರಿಗೇ ಅದು ಗೊತ್ತಿರಲಿಲ್ಲ.

ಬೆರಳಚ್ಚಿನಂಥ ಗೆರೆಗಳ ಕಥೆಯೂ ಹೀಗೆಯೇ. ಕೆಲವು ಅಚ್ಚುಗಳ ಮೇಲೆ ಸೂಕ್ಷ್ಮ ಗೆರೆಗಳಿವೆ, ಅವು ಮನುಷ್ಯರದೂ ಅಲ್ಲ, ತಿಳಿದ ವಾನರದ್ದೂ ಅಲ್ಲ ಎಂದು ಟೆಕ್ಸಸ್‌ನ ಪೊಲೀಸ್ ಬೆರಳಚ್ಚು ತಜ್ಞ ಜಿಮ್ಮಿ ಚಿಲ್ಕಟ್ ಘೋಷಿಸಿದರು. ಮ್ಯಾಟ್ ಕ್ರೌಲಿ ಎಂಬ ಹವ್ಯಾಸಿ ವಾದಕ್ಕಿಳಿಯದೆ ಒಣಗಿದ ನಯವಾದ ಮಣ್ಣಿನಲ್ಲಿ ತಾನೇ ಗುರುತು ಮಾಡಿ, ಪ್ಲಾಸ್ಟರ್ ಹೊಯ್ದು ನೋಡಿದರು. ಗೆರೆಗಳು ಬಂದವು. ಒಣ ಮಣ್ಣು ಪ್ಲಾಸ್ಟರಿನ ನೀರನ್ನು ಹೀರುವಾಗ ಅಲೆಅಲೆಯಾಗಿ ಏಳುವ ಗೆರೆಗಳವು.

ಈಗ ನಿಮ್ಮ ಸರದಿ. ದಾರಿಯಲ್ಲಿ ದೊಡ್ಡ ಹೆಜ್ಜೆ ಕಂಡಿತು ಎನ್ನಿ.

ಮೊದಲು ಅದನ್ನು ಬಿಟ್ಟು ಸುತ್ತ ನೋಡಿ. ಒಂಟಿ ಹೆಜ್ಜೆಗೆ ಬೆಲೆ ಕಡಿಮೆ, ಸಾಲಿಗೆ ಹೆಚ್ಚು. ಪ್ರತಿ ಹೆಜ್ಜೆಯೂ ಒಂದೇ ಆಳ, ಒಂದೇ ಆಕಾರ, ಬೆರಳುಗಳ ನಡುವೆ ಅದೇ ಅಂತರ ಇದ್ದರೆ ಗಟ್ಟಿ ಅಚ್ಚಿನ ಅನುಮಾನ ಪಡಬೇಕು. ಜೀವಂತ ಪಾದ ಕಲ್ಲಿನ ಮೇಲೆ ಒಂದು ರೀತಿ, ಇಳಿಜಾರಿನಲ್ಲಿ ಇನ್ನೊಂದು ರೀತಿ ಒತ್ತುತ್ತದೆ, ಬೆರಳು ಮಡಿಸುತ್ತದೆ, ಜಾರುತ್ತದೆ. ಆಮೇಲೆ ಹೆಬ್ಬೆರಳು ಯಾವ ಕಡೆ ಇದೆ ನೋಡಿ. ಮನುಷ್ಯನ ಪಾದದಲ್ಲಿ ದೊಡ್ಡ ಬೆರಳು ಒಳಬದಿಗೆ, ಕರಡಿಯಲ್ಲಿ ಹೊರಬದಿಗೆ. ಕರಡಿ ನಡೆಯುವಾಗ ಮುಂಗಾಲು ಊರಿದ ಜಾಗದ ಮೇಲೆ ಹಿಂಗಾಲು ಅರೆಬರೆಯಾಗಿ ಬಿದ್ದರೆ ಎರಡೂ ಸೇರಿ ಉದ್ದನೆಯ ಒಂದೇ ಪಾದದಂತೆ ಕಾಣುತ್ತದೆ. ಅಂಚಿನಲ್ಲಿ ಎರಡನೇ ಸುತ್ತಿನ ಉಗುರಿನ ಗೀರುಗಳನ್ನು ಹುಡುಕಿ.

ಹಿಮದಲ್ಲಾದರೆ ಇನ್ನೂ ಎಚ್ಚರ. ಬಿಸಿಲಿಗೆ ಅಂಚು ಕರಗಿ ಗುರುತು ದಿನದೊಳಗೆ ಹಿಗ್ಗುತ್ತದೆ. 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆ ನೇಪಾಳದ ಮಕಾಲು ಶಿಬಿರದ ಬಳಿ ಕಂಡ 32 ಅಂಗುಲ ಉದ್ದದ ಗುರುತುಗಳನ್ನು ಯೇತಿಯದೆಂದು ಟ್ವಿಟರ್‌ನಲ್ಲಿ ಹಾಕಿ ನಗೆಪಾಟಲಾದದ್ದು ನೆನಪಿರಬಹುದು. ಒಂದೇ ಗೆರೆಯ ಮೇಲೆ ಒಂದರ ಹಿಂದೊಂದು ಬಿದ್ದ ಆ ಗುರುತುಗಳಲ್ಲಿ ಎಡ ಯಾವುದು, ಬಲ ಯಾವುದು ಎಂದೇ ತಿಳಿಯುವಂತಿರಲಿಲ್ಲ.

ಚಿತ್ರ ತೆಗೆಯುವಾಗ ಕ್ಯಾಮೆರಾ ಗುರುತಿನ ನೆತ್ತಿಯ ಮೇಲೆ ನೇರವಾಗಿರಲಿ. ಉದ್ದಕ್ಕೊಂದು, ಅಗಲಕ್ಕೊಂದು ಅಳತೆಪಟ್ಟಿ ಇಡಿ. ನೀರಿನ ಬಾಟಲಿ, ಬೂಟು ಇಟ್ಟ ಚಿತ್ರಗಳಿಂದ ಯಾರಿಗೂ ಪ್ರಯೋಜನವಾಗಿಲ್ಲ. ಟಾರ್ಚನ್ನು ನೆಲಮಟ್ಟದಲ್ಲಿ ಓರೆಯಾಗಿ ಹಿಡಿದು ನಾಲ್ಕೂ ದಿಕ್ಕಿನಿಂದ ಒಂದೊಂದು ಚಿತ್ರ ತೆಗೆಯಿರಿ. ನಂತರ ಗುರುತಿನ ಪಕ್ಕದಲ್ಲೇ ನೀವೂ ಒಂದು ಹೆಜ್ಜೆ ಊರಿ, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಿರಿ. ‘ಇಷ್ಟು ಆಳ ಇಳಿಯಬೇಕಾದರೆ 400 ಕಿಲೊ ತೂಕ ಬೇಕು’ ಎಂಬಂಥ ಲೆಕ್ಕಗಳು ಸಾಮಾನ್ಯವಾಗಿ ಈ ಹೋಲಿಕೆಯಲ್ಲೇ ಬಿದ್ದುಹೋಗುತ್ತವೆ. ನಿನ್ನೆ ಒದ್ದೆಯಾಗಿದ್ದ ಮಣ್ಣು ಇಂದು ಗಟ್ಟಿ.

ಅಚ್ಚು ತೆಗೆಯಲು ಪ್ಲಾಸ್ಟರ್ ಆಫ್ ಪ್ಯಾರಿಸ್ ನಡೆಯುತ್ತದೆ, ದಂತವೈದ್ಯರು ಬಳಸುವ ಗಟ್ಟಿ ಪ್ಲಾಸ್ಟರ್ ಇನ್ನೂ ಒಳ್ಳೆಯದು. ಎರಡು ಪಾಲು ಪುಡಿಗೆ ಒಂದು ಪಾಲು ನೀರು, ದೋಸೆ ಹಿಟ್ಟಿನ ಹದ. ಗುರುತಿನ ಒಳಗೆ ಎತ್ತರದಿಂದ ಸುರಿಯಬೇಡಿ, ಅಂಚಿನಲ್ಲಿ ಚಮಚ ಅಡ್ಡ ಹಿಡಿದು ಮೆಲ್ಲಗೆ ಹರಿಯಬಿಡಿ. ಮುಕ್ಕಾಲು ಗಂಟೆ ಮುಟ್ಟಬೇಡಿ, ನೆಲ ತೇವವಿದ್ದರೆ ಇನ್ನೂ ಹೆಚ್ಚು. ಎತ್ತಿದ ಮೇಲೆ ಎರಡು ದಿನ ಒಣಗಲು ಬಿಟ್ಟು, ನಂತರ ಮೆದು ಬ್ರಷ್‌ನಿಂದ ಮಣ್ಣು ತೆಗೆಯಿರಿ. ಬಿಡುವಿದ್ದರೆ ಅದೇ ಮಣ್ಣಿನಲ್ಲಿ ನಿಮ್ಮ ಬರಿಗಾಲಿನದೂ ಒಂದು ಅಚ್ಚು ತೆಗೆದಿಡಿ. ಕ್ರೌಲಿ ಕಲಿಸಿದ ಪಾಠ ಅದು: ಮಣ್ಣು ತನ್ನದೇನನ್ನು ಸೇರಿಸಿದೆ ಎಂಬುದು ಆಗ ತಿಳಿಯುತ್ತದೆ.

ನಾಲ್ಕನೆಯ ಹಂತ: ಚಲಿಸುವ ಚಿತ್ರ

1967ರ ಅಕ್ಟೋಬರ್ 20ರಂದು ಅದೇ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಕುದುರೆಯ ಮೇಲೆ ಹೋಗುತ್ತಿದ್ದಾಗ ಬಾಡಿಗೆ ಕ್ಯಾಮೆರಾದಲ್ಲಿ ತೆಗೆದ ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಒಣಗಿದ ಹೊಳೆಪಾತ್ರದಲ್ಲಿ ಕಪ್ಪು ಹೆಣ್ಣಾಕೃತಿಯೊಂದು ದಾಪುಗಾಲು ಹಾಕುತ್ತ, ಒಮ್ಮೆ ಭುಜದ ಸಮೇತ ತಿರುಗಿ ನೋಡುತ್ತದೆ. ತಿರುಗಿ ನೋಡುವ ಆ 352ನೆಯ ಚೌಕಟ್ಟು ಟೀಶರ್ಟ್ ಮೇಲೂ ಇದೆ.

ಇದನ್ನು ನೋಡುವಾಗ ‘ವೇಷವೋ ನಿಜವೋ’ ಎಂದು ಕಣ್ಣನ್ನು ಕೇಳಬೇಡಿ, ಅದು ಕೇಳಿದವರಿಗೆ ಬೇಕಾದ ಉತ್ತರ ಕೊಡುತ್ತದೆ. ಕ್ಯಾಮೆರಾ ಯಾವ ವೇಗದಲ್ಲಿ ಓಡುತ್ತಿತ್ತು ಎಂದು ಕೇಳಿ. ಪ್ಯಾಟರ್ಸನ್ ಅದನ್ನು ಖಚಿತವಾಗಿ ದಾಖಲಿಸಿರಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಚಲನಶಾಸ್ತ್ರ ತಜ್ಞ ಡಿ. ಡಬ್ಲ್ಯೂ. ಗ್ರೀವ್ ಲೆಕ್ಕ ಹಾಕಿ ಹೇಳಿದ್ದು ಇಷ್ಟೇ: ಸೆಕೆಂಡಿಗೆ 24 ಚೌಕಟ್ಟಿನ ವೇಗವಾಗಿದ್ದರೆ ಅದು ದೊಡ್ಡ ಆಳಿನ ನಡಿಗೆ, 16 ಅಥವಾ 18 ಆಗಿದ್ದರೆ ಮನುಷ್ಯನ ನಡಿಗೆಗೆ ಹೊಂದುವುದು ಕಷ್ಟ. ಚಿತ್ರದ ಮೇಲಿನ ಎಲ್ಲ ಪಾಂಡಿತ್ಯವೂ ಆ ಒಂದು ಅಂಕಿಯ ಬೆನ್ನೇರಿ ಕೂತಿದೆ.

ವೇಷ ತೊಟ್ಟವನು ನಾನೇ ಎಂದು ಒಬ್ಬ, ಗೊರಿಲ್ಲಾ ವೇಷ ಮಾರಿದವನು ನಾನು ಎಂದು ಇನ್ನೊಬ್ಬ ಆಮೇಲೆ ಮುಂದೆ ಬಂದರು. ವೇಷವನ್ನು ಮಾತ್ರ ಯಾರೂ ತಂದು ತೋರಿಸಲಿಲ್ಲ. ‘ನಾನು ಕಂಡೆ’ ಎಂಬುದಕ್ಕೆ ಹಾಕುವ ತಕ್ಕಡಿಯನ್ನೇ ‘ನಾನು ಮೋಸ ಮಾಡಿದೆ’ ಎಂಬುದಕ್ಕೂ ಹಾಕಬೇಕು. ಪ್ಯಾಟರ್ಸನ್ 1972ರಲ್ಲಿ ಸಾಯುವವರೆಗೂ ಚಿತ್ರ ನಿಜ ಎಂದೇ ಹೇಳಿದ. ಆದರೆ ಬಿಗ್‌ಫೂಟ್ ಬಗ್ಗೆ ಚಿತ್ರ ಮಾಡಲೆಂದೇ ಕ್ಯಾಮೆರಾ ಹಿಡಿದು ಹೊರಟವನಿಗೆ ಬಿಗ್‌ಫೂಟ್ ಎದುರಾಯಿತು ಎಂಬುದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಐದನೆಯ ಹಂತ: ದೇಹ ಸಿಕ್ಕಿತು ಎಂದರೆ

ಚಿಕ್ಕ ಸಲಹೆ: ಮಂಜುಗಡ್ಡೆಯಲ್ಲಿರುವ ದೇಹವನ್ನು ನಂಬಬೇಡಿ. 1968ರಲ್ಲಿ ಮಿನೆಸೋಟಾದಲ್ಲಿ, ಜಾತ್ರೆಗಳಲ್ಲಿ ದುಡ್ಡು ತೆಗೆದುಕೊಂಡು ತೋರಿಸುತ್ತಿದ್ದ ಹಿಮಮಾನವನನ್ನು ಇಬ್ಬರು ಹೆಸರಾಂತ ಪ್ರಾಣಿ ಸಂಶೋಧಕರು ಗಾಜಿನ ಮೇಲಿನಿಂದಲೇ ನೋಡಿ ಹೊಸ ಪ್ರಭೇದ ಎಂದು ಬರೆದರು. ಗಡ್ಡೆ ಒಡೆಯಲು ಮಾತ್ರ ಯಾರಿಗೂ ಅವಕಾಶವಾಗಲಿಲ್ಲ. 2008ರ ಆಗಸ್ಟ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಇಬ್ಬರು, ತಮ್ಮ ಫ್ರೀಜರಿನಲ್ಲಿ ದೇಹವಿದೆ ಎಂದು ಪತ್ರಿಕಾಗೋಷ್ಠಿ ನಡೆಸಿದರು. ಪರೀಕ್ಷೆಗೆ ಕೊಟ್ಟ ಮಾದರಿಗಳಲ್ಲಿ ಒಂದು ಮನುಷ್ಯನದು, ಇನ್ನೊಂದು ಒಪೊಸಮ್ ಎಂಬ ಸಣ್ಣ ಪ್ರಾಣಿಯದು. ಮಂಜು ಕರಗಿದಾಗ ಕೈಗೆ ಸಿಕ್ಕಿದ್ದು ರಬ್ಬರ್.

ಆರನೆಯ ಹಂತ: ಸಿಗದಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ

‘ಕಾಡು ದೊಡ್ಡದು, ಪ್ರಾಣಿ ವಿರಳ, ಆದ್ದರಿಂದ ಸಿಕ್ಕಿಲ್ಲ’ ಎಂಬ ವಾದಕ್ಕೆ ಅದೇ 2008ರಲ್ಲಿ, ಬ್ಲಫ್ ಕ್ರೀಕ್ ಇರುವ ಕ್ಯಾಲಿಫೋರ್ನಿಯಾದಲ್ಲೇ ಒಳ್ಳೆಯ ಅಳತೆಗೋಲು ಸಿಕ್ಕಿತು. ವುಲ್ವರಿನ್ ಎಂಬುದು ನಾಯಿಯಷ್ಟು ಗಾತ್ರದ, ಒಂಟಿಯಾಗಿ ಅಲೆಯುವ, ಮನುಷ್ಯರಿಂದ ದೂರವಿರುವ ಮಾಂಸಾಹಾರಿ. ಆ ರಾಜ್ಯದಲ್ಲಿ 1922ರ ನಂತರ ಅದರ ಖಚಿತ ಸುಳಿವಿರಲಿಲ್ಲ. ಫೆಬ್ರವರಿ ಕೊನೆಯಲ್ಲಿ ಟಾಹೊ ಕಾಡಿನಲ್ಲಿ, ಮಾರ್ಟೆನ್ ಎಂಬ ಬೇರೆ ಪ್ರಾಣಿಗಾಗಿ ವಿದ್ಯಾರ್ಥಿನಿಯೊಬ್ಬರು ಇಟ್ಟಿದ್ದ ಕ್ಯಾಮೆರಾದಲ್ಲಿ ವುಲ್ವರಿನ್ ಒಂದು ಅಚಾನಕ್ಕಾಗಿ ಸೆರೆಯಾಯಿತು. ಯಾರೂ ವಾದಕ್ಕೆ ಕೂರಲಿಲ್ಲ. ಸುತ್ತ ಕೂದಲು, ಹಿಕ್ಕೆ ಹುಡುಕಿದರು, ಡಿಎನ್‌ಎ ತೆಗೆದರು. ಅದು ಗಂಡು, ಅದರ ಬಳಗ ರಾಕಿ ಪರ್ವತ ಶ್ರೇಣಿಯದು ಎಂಬುದು ತಿಳಿಯಿತು. ಇಡೀ ರಾಜ್ಯದಲ್ಲಿ ಆಗ ಗೊತ್ತಿದ್ದದ್ದು ಆ ಒಂದೇ ಪ್ರಾಣಿ, ಅದೂ ಎಲ್ಲಿಂದಲೋ ಬಂದದ್ದು. ಆದರೂ ಅದು ಚಿತ್ರ, ರೋಮ, ಮಲ ಮೂರನ್ನೂ ಬಿಟ್ಟುಹೋಯಿತು.

ಕ್ಯಾಮೆರಾ ಟ್ರ್ಯಾಪ್ ಎಷ್ಟು ನಂಬಿಕೆಗೆ ಅರ್ಹ ಎಂಬ ವಿಷಯದಲ್ಲಿ ಕರ್ನಾಟಕದವರಿಗೆ ಪಾಠ ಬೇಕಿಲ್ಲ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪಟ್ಟೆಗಳ ಆಧಾರದ ಮೇಲೆ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಸುವ ವಿಧಾನವನ್ನು ರೂಪಿಸಿದರು. ಕಣ್ಣಿಗೆ ಬೀಳದ ಪ್ರಾಣಿಯೂ ಲೆಕ್ಕಕ್ಕೆ ಬೀಳುತ್ತದೆ ಎಂದು ಆ ಕೆಲಸ ತೋರಿಸಿಕೊಟ್ಟಿತು. ಉತ್ತರ ಅಮೆರಿಕದ ಕಾಡುಗಳಲ್ಲಿ ಈಗ ಇಂಥ ಕ್ಯಾಮೆರಾಗಳು ಅಸಂಖ್ಯ. ಎಂಟಡಿ ಎತ್ತರದ ಪ್ರಾಣಿ ತಲೆಮಾರುಗಳಿಂದ ಅಲ್ಲಿ ಬಾಳುತ್ತಿದ್ದರೆ ಒಂದೆರಡಲ್ಲ, ನೂರಾರು ಇರಬೇಕು. ಹುಟ್ಟಬೇಕು, ಸಾಯಬೇಕು, ರಸ್ತೆ ದಾಟುವಾಗ ಲಾರಿಗೆ ಸಿಕ್ಕಬೇಕು.

ಇಲ್ಲಿ ನಂಬುವವರು ಜೈಗ್ಯಾಂಟೊಪಿಥೆಕಸ್ ಹೆಸರೆತ್ತುತ್ತಾರೆ, ಬಿಗ್‌ಫೂಟ್ ಅದರ ಕುಡಿ ಎನ್ನುತ್ತಾರೆ. ಚೀನಾದ ದಕ್ಷಿಣದಲ್ಲಿ ನಿಜವಾಗಿ ಬದುಕಿದ್ದ ದೈತ್ಯ ವಾನರ ಅದು. 1935ರಲ್ಲಿ ಪಳೆಯುಳಿಕೆ ತಜ್ಞ ಫಾನ್ ಕೋನಿಗ್ಸ್‌ವಾಲ್ಡ್ ಹಾಂಗ್‌ಕಾಂಗ್‌ನ ಔಷಧದ ಅಂಗಡಿಯಲ್ಲಿ ಮಾರಾಟಕ್ಕಿದ್ದ ಹಲ್ಲಿನಿಂದ ಅದನ್ನು ಗುರುತಿಸಿದರು. 2019ರಲ್ಲಿ ಹಲ್ಲಿನ ಪ್ರೋಟೀನ್ ಓದಿದಾಗ ಅದರ ಹತ್ತಿರದ ನೆಂಟ ಒರಾಂಗುಟಾನ್ ಎಂದಾಯಿತು. ಎರಡು ಲಕ್ಷ ವರ್ಷಗಳ ಹಿಂದೆಯೇ ಅಳಿದ ಪ್ರಾಣಿಯ ಹಲ್ಲುಗಳು ನಮಗೆ ಸಾವಿರದ ಲೆಕ್ಕದಲ್ಲಿ ಸಿಕ್ಕಿವೆ. ಇಂದೂ ಬದುಕಿದೆ ಎನ್ನುವ ಪ್ರಾಣಿಯದು ಒಂದೂ ಇಲ್ಲ.

ಏಳನೆಯ ಹಂತ: ಕೂದಲು, ಮತ್ತು ಅದು ಯಾರ ಕೈಯಲ್ಲಿತ್ತು?

1976ರಲ್ಲಿ ಓರೆಗಾನ್‌ನಲ್ಲಿದ್ದ ಬಿಗ್‌ಫೂಟ್ ಬೇಟೆಗಾರ ಪೀಟರ್ ಬರ್ನ್, ಸಣ್ಣ ಚರ್ಮದ ತುಣುಕಿಗೆ ಅಂಟಿದ್ದ 15 ಕೂದಲುಗಳನ್ನು ಪರೀಕ್ಷಿಸಿ ಕೊಡಿ ಎಂದು ಎಫ್‌ಬಿಐಗೆ ಕೇಳಿಕೊಂಡರು. ಅಪರಾಧ ಪತ್ತೆಯ ಆ ಸಂಸ್ಥೆ ವಿಜ್ಞಾನದ ಹೆಸರಿನಲ್ಲಿ ನಿಯಮ ಸಡಿಲಿಸಿ ಒಪ್ಪಿತು. 1977ರ ಫೆಬ್ರವರಿಯಲ್ಲಿ ಉತ್ತರ ಬಂತು: ಜಿಂಕೆ. ಈ ಕಡತ 2019ರಲ್ಲಿ ಬಹಿರಂಗವಾದಾಗ ‘ಎಫ್‌ಬಿಐ ಬಳಿ ಬಿಗ್‌ಫೂಟ್ ಕಡತ!’ ಎಂಬ ತಲೆಬರಹಗಳು ಓಡಾಡಿದವು. ಒಳಗೆ ಜಿಂಕೆ ಇದ್ದದ್ದನ್ನು ಎರಡನೇ ಪ್ಯಾರಾದವರೆಗೆ ಓದಿದವರು ಮಾತ್ರ ತಿಳಿದರು.

ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ಇನ್ನೂ ಮುಂದೆ ಹೋಗಿ, ನಿಮ್ಮಲ್ಲಿರುವುದನ್ನು ಕಳಿಸಿ ಎಂದು ಜಗತ್ತಿಗೇ ಕರೆ ಕೊಟ್ಟರು. ಬಂದ 57 ಮಾದರಿಗಳಲ್ಲಿ ಸಸ್ಯದ ನಾರು, ಗಾಜಿನ ನಾರು ಕೂಡ ಇದ್ದವು. ಆಯ್ದವುಗಳಲ್ಲಿ 30ರಿಂದ ಡಿಎನ್‌ಎ ದೊರೆಯಿತು. 2014ರಲ್ಲಿ ಪ್ರಕಟವಾದ ಪಟ್ಟಿ ಸಂತೆಯಂತಿದೆ: ಕರಡಿ, ಕುದುರೆ, ಹಸು, ತೋಳ ಅಥವಾ ನಾಯಿ, ರಕೂನ್, ಮುಳ್ಳುಹಂದಿ, ಒಬ್ಬ ಮನುಷ್ಯ. ಲಡಾಖ್ ಮತ್ತು ಭೂತಾನದ ಎರಡು ಕೂದಲು ಪುರಾತನ ಹಿಮಕರಡಿಗೆ ಹೊಂದುತ್ತವೆ ಎಂದು ಸೈಕ್ಸ್ ತಂಡ ಬರೆದದ್ದು ದೊಡ್ಡ ಸುದ್ದಿಯಾಯಿತು. ಬೇರೆ ತಂಡಗಳು ಮತ್ತೆ ಪರಿಶೀಲಿಸಿದಾಗ ಅವೂ ಹಿಮಾಲಯದ ಕಂದು ಕರಡಿಗೇ ಹೊಂದಿದವು. ಸೈಕ್ಸ್ ಮಾಹಿತಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ತಪ್ಪು ಸಿಕ್ಕಿತು.

2013ರ ಇನ್ನೊಂದು ಪ್ರಬಂಧ ಇದಕ್ಕೆ ತದ್ವಿರುದ್ಧ. ಟೆಕ್ಸಸ್‌ನ ಪಶುವೈದ್ಯೆಯೊಬ್ಬರು ನೂರಕ್ಕೂ ಹೆಚ್ಚು ಮಾದರಿಗಳಿಂದ, ಬಿಗ್‌ಫೂಟ್ ಮನುಷ್ಯನ ಮಿಶ್ರತಳಿ ಎಂದು ಸಾರಿದರು. ಪ್ರಕಟಿಸಿದ ಪತ್ರಿಕೆ ಅವರೇ ಕೊಂಡದ್ದು, ಸಂಚಿಕೆಯಲ್ಲಿ ಇದ್ದದ್ದು ಅದೊಂದೇ ಲೇಖನ. ತಾಯಿ ಕಡೆಯಿಂದ ಬರುವ ಡಿಎನ್‌ಎ ಅಪ್ಪಟ ಮನುಷ್ಯನದು, ಉಳಿದದ್ದು ಯಾವುದಕ್ಕೂ ಹೊಂದದ ಕಲಸುಮೇಲೋಗರ. ಇಂಥ ಫಲಿತಾಂಶ ಕಂಡರೆ ಮೊದಲು ಬರಬೇಕಾದ ಪ್ರಶ್ನೆ ‘ಯಾರ ಕೈ ತಾಗಿದೆ?’ ಎಂಬುದು. ‘ಗುರುತಿಸಲಾಗದ ಡಿಎನ್‌ಎ’ ಎಂಬುದನ್ನು ‘ಅಪರಿಚಿತ ಪ್ರಾಣಿ’ ಎಂದು ಓದಬೇಡಿ. ಬಹುಪಾಲು ಸಲ ಅದು ಕೆಟ್ಟುಹೋದ ಅಥವಾ ಬೆರೆತುಹೋದ ಮಾದರಿ.

ನೀವೇ ಕೂದಲು ಸಂಗ್ರಹಿಸುವುದಾದರೆ ಮೊದಲು ಜಾಗ ಯಾರದ್ದೆಂದು ತಿಳಿಯಿರಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿಯಿಲ್ಲದೆ ಏನನ್ನೂ ಎತ್ತಿಕೊಂಡು ಬರುವಂತಿಲ್ಲ. ಹೊಸ ಕೈಗವಸು ಹಾಕಿ, ಶುಚಿ ಮಾಡಿದ ಚಿಮುಟದಿಂದ ತೆಗೆಯಿರಿ. ಬುಡ ಸಮೇತ ಬಂದರೆ ಉತ್ತಮ. ಎಳೆಯಲ್ಲಿ ತಾಯಿ ಕಡೆಯ ಡಿಎನ್‌ಎ ಮಾತ್ರ ಚೆನ್ನಾಗಿ ಉಳಿದಿರುತ್ತದೆ, ಪೂರ್ತಿ ಜಾತಕ ಇರುವುದು ಬುಡದಲ್ಲಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ನಿಂತು ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಯೇ ಸರಿ. ಒಂದು ಜಾಗದ್ದು ಒಂದು ಲಕೋಟೆಗೆ. ಅರ್ಧವನ್ನು ನಿಮ್ಮ ಬಳಿ ಮೊಹರು ಮಾಡಿ ಇಟ್ಟುಕೊಳ್ಳಿ. ಲಕೋಟೆ ಕೈ ಬದಲಾದಾಗಲೆಲ್ಲ ಯಾರಿಂದ ಯಾರಿಗೆ, ಯಾವ ಹೊತ್ತಿಗೆ ಎಂದು ಬರೆದು ಸಹಿ ಹಾಕಿಸಿ. ಬೇಸರದ ಕೆಲಸವೇ, ಆದರೆ ಜಾರ್ಜಿಯಾದ ಫ್ರೀಜರಿನಿಂದ ಟೆಕ್ಸಸ್‌ನ ಪ್ರಬಂಧದವರೆಗೆ ಮುಗ್ಗರಿಸಿದ ಪ್ರಕರಣಗಳು ಹೆಚ್ಚಾಗಿ ಮುಗ್ಗರಿಸಿದ್ದು ಇಲ್ಲೇ.

ಜೊತೆಗೆ ನಿಮ್ಮ ಒಂದು ಕೂದಲು, ನಿಮ್ಮ ನಾಯಿಯದೊಂದು, ಸಿಕ್ಕಿದರೆ ಖಚಿತವಾಗಿ ಕರಡಿಯದೇ ಆದ ಒಂದು, ಇವನ್ನೂ ಸಂಖ್ಯೆ ಹಾಕಿದ ಲಕೋಟೆಗಳಲ್ಲಿ ಪ್ರಯೋಗಾಲಯಕ್ಕೆ ಕಳಿಸಿ. ಯಾವ ಸಂಖ್ಯೆ ಯಾವುದೆಂಬ ಚೀಟಿ ನಿಮ್ಮ ಬಳಿಯೇ ಇರಲಿ. ಗೊತ್ತಿರುವುದನ್ನು ಅವರು ಸರಿಯಾಗಿ ಗುರುತಿಸುತ್ತಾರೆಯೇ ಎಂಬುದು ಆಗ ತಿಳಿಯುತ್ತದೆ. ಯಾವ ಲಕೋಟೆಯ ಮೇಲೂ ಬಿಗ್‌ಫೂಟ್ ಎಂದು ಬರೆಯಬೇಡಿ. ‘ಮಾದರಿ 3. ಕೂದಲು, ಏಳು ಎಳೆ. ಮುಳ್ಳುತಂತಿಯ ಮೇಲೆ, ನೆಲದಿಂದ 140 ಸೆಂ.ಮೀ.’, ದಿನಾಂಕ, ಸಹಿ.